ಆರ್ಚಿ ಕಾಕ್ರೇನ್: ಯಾರನ್ನೂ ಬಿಡದೆ ಎಣಿಸಿದ ವೈದ್ಯರು

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ನಮ್ಮ ಸೀಮೆಯಲ್ಲಿ ಮಹನೀಯರ ಜೀವನ ಚರಿತ್ರೆ ಎಂದ ಕೂಡಲೇ ನೆನಪಿಗೆ ಬರುವ ಹೆಸರುಗಳಿವೆ. ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ, ಮುಳಬಾಗಿಲಿನ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಮಾಸ್ತಿ. ಇವರನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯಹೊರಟಿರುವುದು ದೂರದ ದೇಶದ ಒಬ್ಬ ವೈದ್ಯರನ್ನು ಕುರಿತು. ನಮ್ಮ ಹಳ್ಳಿಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆದರೆ ವೈದ್ಯಕೀಯ ಓದಿದವರ ನಡುವೆ ಅದು ಮನೆಮಾತು. ಇವತ್ತು ಶ್ರೀನಿವಾಸಪುರದಲ್ಲೋ ಮಾಲೂರಿನಲ್ಲೋ ಒಬ್ಬ ಬಸುರಿ ಹೆಣ್ಣುಮಗಳಿಗೆ ಏಳು ತಿಂಗಳಿಗೇ ನೋವು ಕಾಣಿಸಿಕೊಂಡರೆ, ಅವಳಿಗೆ ಯಾವ ಇಂಜೆಕ್ಷನ್ ಕೊಡಬೇಕು, ಕೊಟ್ಟರೆ ಕೂಸು ಉಳಿಯುತ್ತದೆ ಎಂಬುದು ನಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಯ ಹಿಂದೆ ಆ ಹೆಸರಿದೆ. ಅವರೇ ಆರ್ಚಿ ಕಾಕ್ರೇನ್.

ಬಾಲ್ಯ ಮತ್ತು ಓದು

ಆರ್ಚಿಬಾಲ್ಡ್ ಲೆಮನ್ ಕಾಕ್ರೇನ್ 1909ರ ಜನವರಿ 12ರಂದು ಸ್ಕಾಟ್ಲೆಂಡಿನ ಗಾಲಾಶೀಲ್ಸ್ ಎಂಬ ಊರಿನಲ್ಲಿ ಹುಟ್ಟಿದರು. ಉಣ್ಣೆ ಬಟ್ಟೆಯ ಗಿರಣಿ ನಡೆಸುತ್ತಿದ್ದ ಸ್ಥಿತಿವಂತರ ಮನೆತನ. ಆದರೆ ಮೊದಲ ಮಹಾಯುದ್ಧ ಆ ಮನೆಯನ್ನೂ ಬಿಡಲಿಲ್ಲ. 1917ರಲ್ಲಿ ಗಾಜಾದಲ್ಲಿ ನಡೆದ ಕಾಳಗದಲ್ಲಿ ತಂದೆ ಮಡಿದರು. ಆಗ ಹುಡುಗನಿಗೆ ಎಂಟು ವರ್ಷ. ಮುಂದೆ ವಿದ್ಯಾರ್ಥಿವೇತನ ಪಡೆದು ಓದಿದ ಆರ್ಚಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು ಸೇರಿ, ವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಓದು ಮುಗಿದ ಮೇಲೆ ಅವರು ನೇರವಾಗಿ ವೈದ್ಯರಾಗಲಿಲ್ಲ. ತಮಗಿದ್ದ ಒಂದು ತೊಂದರೆಗೆ ಪರಿಹಾರ ಹುಡುಕುತ್ತ ಥಿಯೋಡರ್ ರೈಕ್ ಎಂಬ ಮನೋವಿಶ್ಲೇಷಕರ ಹಿಂದೆ ಬರ್ಲಿನ್, ವಿಯೆನ್ನಾ, ಹೇಗ್ ನಗರಗಳನ್ನು ಸುತ್ತಿದರು. ಚಿಕಿತ್ಸೆಯಿಂದ ಅವರಿಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಆದರೆ ಮೂರು ಲಾಭಗಳಾದವು. ಜರ್ಮನ್ ಭಾಷೆ ಬಂತು. ಹಿಟ್ಲರನ ಏಳಿಗೆಯನ್ನು ಹತ್ತಿರದಿಂದ ನೋಡಿ ಅದರ ಮೇಲೆ ಅಸಹ್ಯ ಹುಟ್ಟಿತು. ಯಾರೇ ದೊಡ್ಡವರು ಹೇಳಿದರೂ ಪರೀಕ್ಷೆ ಮಾಡದ ಸಿದ್ಧಾಂತವನ್ನು ನಂಬಬಾರದು ಎಂಬ ಸ್ವಭಾವ ಬೆಳೆಯಿತು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ಓದನ್ನು ನಿಲ್ಲಿಸಿ ಗಾಯಾಳುಗಳ ಸೇವೆಗೆ ಹೊರಟರು. ಹಿಂದಿರುಗಿ 1938ರಲ್ಲಿ ಲಂಡನ್ನಿನಲ್ಲಿ ವೈದ್ಯ ಪದವಿ ಮುಗಿಸಿದರು.

ಅದೇ ದಶಕದಲ್ಲಿ, ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಬೇಕೆಂಬ ಚಳವಳಿ ಲಂಡನ್ನಿನಲ್ಲಿ ನಡೆಯುತ್ತಿತ್ತು. ಕಾಕ್ರೇನ್ ತಾವೇ ಒಂದು ಫಲಕ ಬರೆದು ಹಿಡಿದುಕೊಂಡು ನಡೆದರು. ಪರಿಣಾಮ ಬೀರುವ ಚಿಕಿತ್ಸೆಯೆಲ್ಲ ಉಚಿತವಾಗಿರಲಿ ಎಂಬುದು ಅದರ ತಾತ್ಪರ್ಯ. ಫಲಕ ಹೆಚ್ಚು ಜನರ ಗಮನ ಸೆಳೆಯಲಿಲ್ಲ. ಉಳಿದವರು ಚಿಕಿತ್ಸೆ ಉಚಿತವಾಗಲಿ ಎಂದಷ್ಟೇ ಕೇಳುತ್ತಿದ್ದರು. ಆ ಚಿಕಿತ್ಸೆಯಿಂದ ಪರಿಣಾಮ ಇದೆಯೇ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಿದವರು ಕಾಕ್ರೇನ್. ಮುಂದಿನ ಐವತ್ತು ವರ್ಷ ಅವರು ಕೇಳಿದ್ದು ಇದನ್ನೇ.

ಸೆರೆಶಿಬಿರದ ಪಾಠ

ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿಯಾದರು. 1941ರಲ್ಲಿ ಕ್ರೀಟ್ ದ್ವೀಪ ಜರ್ಮನರ ವಶವಾದಾಗ ಸೆರೆ ಸಿಕ್ಕರು. ಯುದ್ಧ ಮುಗಿಯುವ ತನಕ ನಾಲ್ಕು ವರ್ಷ ಸೆರೆವಾಸ. ಗ್ರೀಸ್ ದೇಶದ ಸಲೋನಿಕಾದ ಶಿಬಿರದಲ್ಲಿ ಸುಮಾರು 20,000 ಕೈದಿಗಳು. ಹೊಟ್ಟೆಗೆ ಸಾಲದ ಊಟ. ಗಂಟಲಮಾರಿ, ಟೈಫಾಯಿಡ್, ಕಾಮಾಲೆ ಹರಡುತ್ತಿದ್ದವು. ಅವರ ಕೈಯಲ್ಲಿದ್ದ ಔಷಧಿಯೆಂದರೆ ಒಂದಿಷ್ಟು ಆಸ್ಪಿರಿನ್, ಹೊಟ್ಟೆಯುರಿಯ ಮಾತ್ರೆ, ಚರ್ಮಕ್ಕೆ ಹಚ್ಚುವ ಮದ್ದು. ನೂರಾರು ಜನ ಸಾಯುತ್ತಾರೆಂದು ಅವರು ಎಣಿಸಿದ್ದರು. ಸತ್ತವರು ನಾಲ್ವರು. ಅವರಲ್ಲಿ ಮೂವರು ಕಾವಲುಗಾರರ ಗುಂಡಿಗೆ ಬಲಿಯಾದವರು. ಔಷಧಿ ಇಲ್ಲದೆಯೂ ದೇಹ ತಾನಾಗಿ ಗುಣವಾಗುವ ಶಕ್ತಿ ಎಷ್ಟಿದೆ ಎಂಬುದನ್ನು ಅವರು ಅಲ್ಲಿ ಕಂಡರು. ಹಾಗಿದ್ದರೆ ಗುಣವಾದ ರೋಗಿಯನ್ನು ತೋರಿಸಿ ಇದು ನನ್ನ ಮದ್ದಿನ ಮಹಿಮೆ ಎನ್ನುವ ವೈದ್ಯರನ್ನು ಹೇಗೆ ನಂಬುವುದು? ಈ ಅನುಮಾನ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅದೇ ಶಿಬಿರದಲ್ಲಿ ಕೈದಿಗಳ ಕಾಲು ಊದಿಕೊಳ್ಳತೊಡಗಿತು. ಕಾಕ್ರೇನ್ 20 ಯುವಕರನ್ನು ಆರಿಸಿ, ಹತ್ತು ಹತ್ತು ಮಂದಿಯಂತೆ ಎರಡು ವಾರ್ಡುಗಳಲ್ಲಿ ಇಟ್ಟರು. ಒಂದು ಗುಂಪಿಗೆ ಕಳ್ಳಸಂತೆಯಲ್ಲಿ ಹೊಂದಿಸಿದ ಯೀಸ್ಟ್, ಇನ್ನೊಂದು ಗುಂಪಿಗೆ ವಿಟಮಿನ್ ಸಿ ಮಾತ್ರೆ. ನಾಲ್ಕನೆಯ ದಿನಕ್ಕೆ ಯೀಸ್ಟ್ ತಿಂದ ಹತ್ತರಲ್ಲಿ ಎಂಟು ಜನ ಸುಧಾರಿಸಿದ್ದರು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಆ ಅಂಕಿಗಳನ್ನು ಬರೆದು ಜರ್ಮನ್ ಅಧಿಕಾರಿಗಳ ಮುಂದಿಟ್ಟು ಅವರ ಭಾಷೆಯಲ್ಲೇ ವಿವರಿಸಿದರು. ಶಿಬಿರಕ್ಕೆ ಯೀಸ್ಟ್ ಬಂತು. ಮುಂದೆ ಹೆಸರಾಂತ ಪ್ರಾಧ್ಯಾಪಕರಾದ ಮೇಲೆ ಕಾಕ್ರೇನ್ ಈ ಪ್ರಯೋಗದ ಲೋಪಗಳನ್ನು ತಾವೇ ಬರೆದು ಪ್ರಕಟಿಸಿದರು. ಗುಂಪು ತೀರ ಚಿಕ್ಕದು, ಅವಧಿ ತೀರ ಕಡಿಮೆ, ಅಳತೆ ಸಡಿಲ. ತಮ್ಮ ಗೆಲುವನ್ನೇ ಹೀಗೆ ಸೋಸಿ ನೋಡಿದವರು ಅಪರೂಪ.

ಮುಂದೆ ಜರ್ಮನಿಯ ಎಲ್ಸ್ಟರ್‌ಹಾರ್ಸ್ಟ್ ಶಿಬಿರದಲ್ಲಿ ಕ್ಷಯರೋಗಿಗಳ ವಾರ್ಡು ಅವರ ಪಾಲಿಗೆ ಬಂತು. ಯಾವ ರೋಗಿಗೆ ಯಾವ ಚಿಕಿತ್ಸೆ ಬೇಕಾದರೂ ಕೊಡುವ ಸ್ವಾತಂತ್ರ್ಯ ಇತ್ತು. ಆದರೆ ಯಾವುದು ಒಳ್ಳೆಯದು ಎಂದು ಹೇಳುವ ಪುರಾವೆ ಎಲ್ಲೂ ಇರಲಿಲ್ಲ. ತಮ್ಮ ಚಿಕಿತ್ಸೆಯಿಂದಲೇ ಕೆಲವರ ಆಯಸ್ಸು ಕಡಿಮೆಯಾಯಿತೇನೋ ಎಂಬ ಅಳುಕು ಅವರಿಗೆ ಉಳಿಯಿತು. ಒಂದು ರಾತ್ರಿ ಸಾಯುವ ಸ್ಥಿತಿಯಲ್ಲಿದ್ದ ಸೋವಿಯತ್ ಸೈನಿಕನೊಬ್ಬನನ್ನು ತಂದು ಹಾಕಿದರು. ಆತ ಚೀರುತ್ತಿದ್ದ. ನೋವಿಗೆ ಕೊಡಲು ಮಾರ್ಫಿನ್ ಇರಲಿಲ್ಲ. ಅವನ ಭಾಷೆ ಯಾರಿಗೂ ಬರುತ್ತಿರಲಿಲ್ಲ. ದಾರಿ ಕಾಣದೆ ಕಾಕ್ರೇನ್ ಮಂಚದ ಮೇಲೆ ಕುಳಿತು ಅವನನ್ನು ತೋಳಿನಲ್ಲಿ ಹಿಡಿದುಕೊಂಡರು. ಚೀರಾಟ ನಿಂತಿತು. ಕೆಲವು ಗಂಟೆಗಳ ನಂತರ ಆತ ಶಾಂತವಾಗಿ ಪ್ರಾಣ ಬಿಟ್ಟ. ಚೀರಿಸಿದ್ದು ಒಂಟಿತನ, ತಾವು ಊಹಿಸಿದ್ದ ರೋಗದ ನೋವಲ್ಲ ಎಂದು ಅವರಿಗೆ ಅರಿವಾಯಿತು. ಅಂಕಿ ಸಂಖ್ಯೆಯ ಮನುಷ್ಯರು ಕಲ್ಲು ಹೃದಯದವರು ಎಂದು ಭಾವಿಸುವವರು ಈ ಘಟನೆಯನ್ನು ನೆನೆಯಬೇಕು.

ಗಣಿ ಕಾರ್ಮಿಕರ ಕಣಿವೆ

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಪಾಠ ಕೇಳುವ ಅವಕಾಶ ಅವರಿಗೆ ಸಿಕ್ಕಿತು. ವೈದ್ಯರೇ ಆರಿಸಿ ಹೊಸ ಮದ್ದು ಕೊಟ್ಟರೆ, ಬದುಕುವ ಲಕ್ಷಣ ಇರುವವರಿಗೆ ಅದು ಹೆಚ್ಚಾಗಿ ಹೋಗಬಹುದು. ಆಗ ಗುಣವಾದದ್ದು ಮದ್ದಿನಿಂದಲೋ, ರೋಗಿ ಮೊದಲೇ ಗಟ್ಟಿಯಾಗಿದ್ದುದರಿಂದಲೋ ಎಂದು ತಿಳಿಯುವುದಿಲ್ಲ. ಅದಕ್ಕೆ ಹಿಲ್ ತೋರಿಸಿದ ದಾರಿ ಸರಳ. ಯಾರಿಗೆ ಮದ್ದು, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು. ಆಗ ಎರಡೂ ಗುಂಪು ಸರಿಸುಮಾರು ಒಂದೇ ಬಗೆಯದಾಗಿರುತ್ತವೆ. ಆಮೇಲೆ ಕಾಣುವ ವ್ಯತ್ಯಾಸ ಮದ್ದಿನದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗ 1948ರಲ್ಲಿ ಪ್ರಕಟವಾದಾಗ ಈ ಪದ್ಧತಿಗೆ ಲೋಕದಲ್ಲಿ ಮನ್ನಣೆ ಬಂತು. ಸೆರೆಶಿಬಿರದಲ್ಲಿ ತಾವು ಹುಡುಕುತ್ತಿದ್ದುದು ಇದನ್ನೇ ಎಂದು ಕಾಕ್ರೇನ್ ಅವರಿಗೆ ಗೊತ್ತಾಯಿತು.

ಅದೇ 1948ರಲ್ಲಿ ಅವರು ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ಬಳಿ, ಕಲ್ಲಿದ್ದಲ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಸಂಶೋಧನಾ ಘಟಕ ಸೇರಿದರು. ಈ ಕಾಯಿಲೆ ಕೋಲಾರದವರಿಗೆ ಹೊಸದಲ್ಲ. ನಮ್ಮ ಕೆಜಿಎಫ್ ಗಣಿಯ ಕಲ್ಲಿನ ಧೂಳು ಅದೆಷ್ಟು ಕಾರ್ಮಿಕರ ಎದೆ ತಿಂದಿತು ಎಂಬುದು ಮನೆಮನೆಯ ಕಥೆ. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದೂ ಕೋಲಾರದ ಚಿನ್ನದ ಗಣಿಗಳಿಂದಲೇ, 1947ರಲ್ಲಿ.

ವೇಲ್ಸಿನ ರೋಂದಾ ಫಾಕ್ ಎಂಬ ಗಣಿ ಕಣಿವೆಯಲ್ಲಿ ಕಾಕ್ರೇನ್ ಮಾಡಿದ ಕೆಲಸ ಅವರ ಹೆಸರನ್ನು ಉಳಿಸಿತು. ಅಲ್ಲಿಯವರೆಗೆ ವೈದ್ಯರು ಆಸ್ಪತ್ರೆಗೆ ಬಂದ ರೋಗಿಗಳನ್ನಷ್ಟೇ ನೋಡಿ ರೋಗದ ಲೆಕ್ಕ ಹೇಳುತ್ತಿದ್ದರು. ಬಾರದವರು? ಬರಲಾಗದಷ್ಟು ಬಳಲಿದವರು, ಕೆಲಸ ಹೋದೀತೆಂದು ಹೆದರಿದವರು, ತಮಗೇನೂ ಆಗಿಲ್ಲ ಎಂದುಕೊಂಡವರು ಆ ಲೆಕ್ಕದಲ್ಲೇ ಇರಲಿಲ್ಲ. ಕಾಕ್ರೇನ್ ತಂಡ 1950ರಿಂದ ಮನೆಮನೆಗೆ ಹೋಯಿತು. ಬಾರದವರ ಮನೆಗೆ ಮತ್ತೆ ಹೋಯಿತು. ಅವರನ್ನು ಕರೆತರಲು ವಾಹನದ ಏರ್ಪಾಡು ಮಾಡಿತು. ಶೇ 90ಕ್ಕೂ ಹೆಚ್ಚು ಜನರ ಎದೆಯ ಎಕ್ಸ್‌ರೇ ತೆಗೆಯಿತು. ಇಪ್ಪತ್ತು, ಮೂವತ್ತು ವರ್ಷಗಳ ನಂತರವೂ ಅದೇ ಜನರನ್ನು ಹುಡುಕಿಕೊಂಡು ಹೋಯಿತು. ಊರು ಬಿಟ್ಟವರನ್ನೂ ಬಿಡಲಿಲ್ಲ. ಕೊನೆಯ ಕೆಲವು ಮಂದಿಯನ್ನು ಹುಡುಕುವ ಶ್ರಮ ಮೊದಲಿನ ಎಲ್ಲರನ್ನು ಹುಡುಕುವ ಶ್ರಮಕ್ಕಿಂತ ದೊಡ್ಡದು. ಆದರೆ ಸತ್ಯ ಅಡಗಿರುವುದು ಬಹಳ ಸಲ ಆ ಕೆಲವರಲ್ಲಿಯೇ.

1960ರಲ್ಲಿ ಅವರು ಕಾರ್ಡಿಫ್‌ನಲ್ಲಿ ಪ್ರಾಧ್ಯಾಪಕರಾದರು. ಆಗಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಹೃದಯಾಘಾತವಾದವರನ್ನು ಆಸ್ಪತ್ರೆಯ ವಿಶೇಷ ಘಟಕದಲ್ಲಿ ಇಡುವುದು ಮೇಲೋ, ಮನೆಯಲ್ಲೇ ಚಿಕಿತ್ಸೆ ಕೊಡುವುದು ಮೇಲೋ ಎಂದು ಬ್ರಿಸ್ಟಲ್ ಊರಿನಲ್ಲಿ ಚೀಟಿ ಎತ್ತಿದಂತೆ ಗುಂಪು ಮಾಡಿ ಪರೀಕ್ಷೆ ನಡೆಯಿತು. ಆರಂಭದ ಫಲಿತಾಂಶದಲ್ಲಿ ಆಸ್ಪತ್ರೆಯ ಗುಂಪಿನಲ್ಲೇ ಸಾವು ತುಸು ಹೆಚ್ಚು. ಹೃದ್ರೋಗ ತಜ್ಞರ ಮುಂದೆ ಕಾಕ್ರೇನ್ ಬೇಕೆಂದೇ ಅಂಕಿಗಳನ್ನು ಅದಲುಬದಲು ಮಾಡಿದ ವರದಿ ಇಟ್ಟರು. ಮನೆಯಲ್ಲಿ ಸಾವು ಹೆಚ್ಚು ಎಂದು ಕಂಡ ತಜ್ಞರು, ಇದು ಅನ್ಯಾಯ, ಪರೀಕ್ಷೆಯನ್ನು ಈಗಲೇ ನಿಲ್ಲಿಸಬೇಕು ಎಂದು ಸಿಟ್ಟಾದರು. ಆಮೇಲೆ ಅವರು ನಿಜವಾದ ವರದಿಯನ್ನು ಹೊರತೆಗೆದು, ಈಗ ಹೃದಯ ಘಟಕಗಳನ್ನು ಮುಚ್ಚೋಣವೇ ಎಂದು ಕೇಳಿದರು. ಸಭೆಯಲ್ಲಿ ಮೌನ. ಅಷ್ಟು ಸಣ್ಣ ವ್ಯತ್ಯಾಸದಿಂದ ಎರಡೂ ಕಡೆಗೆ ಏನೂ ಸಾಬೀತಾಗುವುದಿಲ್ಲ ಎಂಬುದು ಕಾಕ್ರೇನ್ ಅವರಿಗೆ ಗೊತ್ತಿತ್ತು. ಅವರು ತೋರಿಸಿದ್ದು, ತನಗೆ ಬೇಕಾದ ಉತ್ತರ ಬಂದರೆ ಮನುಷ್ಯ ಲೆಕ್ಕವನ್ನು ಪ್ರಶ್ನಿಸುವುದಿಲ್ಲ ಎಂಬುದನ್ನು.

ಮರದ ಸೌಟು

1972ರಲ್ಲಿ ಅವರ ಚಿಕ್ಕ ಪುಸ್ತಕ ಎಫೆಕ್ಟಿವ್‌ನೆಸ್ ಅಂಡ್ ಎಫಿಶಿಯೆನ್ಸಿ ಹೊರಬಂತು. ಸರ್ಕಾರದ ಹಣ, ಜನರ ತೆರಿಗೆಯ ಹಣ, ಪರೀಕ್ಷೆಗೆ ಒಳಗಾಗದ ಚಿಕಿತ್ಸೆಗಳಿಗೆ ಹೋಗುತ್ತಿದೆ ಎಂದು ಅದರಲ್ಲಿ ನಿಷ್ಠುರವಾಗಿ ವಾದಿಸಿದರು. 1979ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೊಂದು ಮಾತು ಎತ್ತಿದರು. ಪ್ರತಿಯೊಂದು ವಿಭಾಗದಲ್ಲೂ ಇಂಥ ಪ್ರಯೋಗಗಳನ್ನೆಲ್ಲ ಒಂದೆಡೆ ಸೇರಿಸಿ, ತೂಗಿ, ಆಗಾಗ ತಿದ್ದಿ ಪ್ರಕಟಿಸುವ ವ್ಯವಸ್ಥೆಯನ್ನು ವೈದ್ಯವೃತ್ತಿ ಮಾಡಿಕೊಂಡಿಲ್ಲ ಎಂಬುದು ಅವರ ಆಕ್ಷೇಪ.

ಕೇಂಬ್ರಿಡ್ಜಿನಲ್ಲಿ ಗಣಿತ ಪರೀಕ್ಷೆಯಲ್ಲಿ ಕೊನೆಯವನಾಗಿ ಬಂದವನಿಗೆ ತಮಾಷೆಗೆ ಮರದ ಸೌಟು ಕೊಡುವ ಹಳೆಯ ಪದ್ಧತಿ ಇತ್ತು. ಕಾಕ್ರೇನ್ ಆ ಸೌಟನ್ನು ಹೆರಿಗೆ ವಿಭಾಗಕ್ಕೆ ಕೊಟ್ಟರು. ಪುರಾವೆಯ ವಿಷಯದಲ್ಲಿ ಎಲ್ಲರಿಗಿಂತ ಹಿಂದುಳಿದ ವಿಭಾಗ ಅದು ಎಂದು ಅವರ ತೀರ್ಪು. ಅವಮಾನವೇ ಸರಿ. ಆದರೆ ಇಯಾನ್ ಚಾಮರ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಆಗಲೇ ಬಸುರಿ ಬಾಣಂತಿಯರ ಚಿಕಿತ್ಸೆ ಕುರಿತ ಪ್ರಯೋಗಗಳನ್ನು ಹುಡುಕಿ ಕಲೆಹಾಕತೊಡಗಿದ್ದರು. ಆ ಶ್ರಮ ದೊಡ್ಡ ಗ್ರಂಥವಾಗಿ 1989ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದ ಕಾಕ್ರೇನ್ ತಾವು ಕೊಟ್ಟಿದ್ದ ಸೌಟನ್ನು ವಾಪಸು ಪಡೆದರು. ಅಚ್ಚಾದ ಪುಸ್ತಕವನ್ನು ನೋಡಲು ಅವರು ಉಳಿಯಲಿಲ್ಲ. 1988ರ ಜೂನ್ 18ರಂದು ತೀರಿಕೊಂಡರು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರ ಹೆಸರಿನ ಕೇಂದ್ರ ಶುರುವಾಯಿತು. ಮರುವರ್ಷ ಅದು ಹಲವು ದೇಶಗಳ ಸಂಸ್ಥೆಯಾಗಿ ಬೆಳೆಯಿತು.

ದಿನ ತುಂಬದ ಕೂಸುಗಳು

ಆ ಸಂಸ್ಥೆಯ ಲಾಂಛನದಲ್ಲಿ ಒಂದು ವೃತ್ತ, ಮಧ್ಯೆ ಒಂದು ನಿಂತ ಗೆರೆ, ಅದರ ಅಕ್ಕಪಕ್ಕ ಏಳು ಅಡ್ಡ ಗೆರೆಗಳು. ಅದು ಚಿತ್ರಾಲಂಕಾರವಲ್ಲ. ಒಂದೊಂದು ಅಡ್ಡ ಗೆರೆಯೂ ಒಂದೊಂದು ಪ್ರಯೋಗ. ಎಲ್ಲವೂ ಒಂದೇ ಪ್ರಶ್ನೆಯನ್ನು ಕುರಿತವು. ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸು ಉಳಿಯುತ್ತದೆಯೇ?

ದಿನ ತುಂಬದ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಉಸಿರು ಎಳೆದುಕೊಂಡರೂ ಗಾಳಿಯ ಚೀಲಗಳು ಮುಚ್ಚಿಕೊಳ್ಳುತ್ತವೆ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಬೇರೊಂದು ವಿಷಯದ ಪರೀಕ್ಷೆ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಪಡೆದ ಕುರಿಮರಿ ಬದುಕುವ ಅವಧಿಗಿಂತ ಮೊದಲೇ ಹುಟ್ಟಿದರೂ ಉಸಿರಾಡಿದ್ದನ್ನು ಕಂಡರು. ಮಕ್ಕಳ ವೈದ್ಯ ರಾಸ್ ಹೋವಿ ಜೊತೆಗೂಡಿ ಆಕ್ಲೆಂಡ್ ನಗರದಲ್ಲಿ 282 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 1972ರಲ್ಲಿ, ಎಂದರೆ ಕಾಕ್ರೇನ್ ಪುಸ್ತಕ ಬಂದ ವರ್ಷವೇ, ಫಲಿತಾಂಶ ಬಂತು. ತಾನಾಗಿ ಬೇಗ ಹೆರಿಗೆ ನೋವು ಬಂದ ತಾಯಂದಿರಲ್ಲಿ, ಇಂಜೆಕ್ಷನ್ ಇಲ್ಲದ ಗುಂಪಿನ ಶಿಶುಗಳಲ್ಲಿ ಶೇ 15 ಹುಟ್ಟಿದ ಮೊದಲ ದಿನಗಳಲ್ಲೇ ತೀರಿಕೊಂಡವು. ಇಂಜೆಕ್ಷನ್ ಪಡೆದ ಗುಂಪಿನಲ್ಲಿ ಶೇ 3.2 ಮಾತ್ರ.

ಇಷ್ಟಾದರೂ ಬಹುಪಾಲು ವೈದ್ಯರು ಅದನ್ನು ಬಳಸಲಿಲ್ಲ. ಮುಂದಿನ ಕೆಲವು ಪ್ರಯೋಗಗಳು ಚಿಕ್ಕವು. ಒಂದೊಂದನ್ನೇ ನೋಡಿದರೆ ಲಾಭ ಇದೆ ಎಂದೂ ಅನ್ನಿಸುವುದಿಲ್ಲ, ಇಲ್ಲ ಎಂದೂ ಅನ್ನಿಸುವುದಿಲ್ಲ. ಎಲ್ಲವನ್ನೂ ಸೇರಿಸಿ ತೂಗಿದಾಗ ಮಾತ್ರ ಸಾವಿನ ಸಂಭವ ಶೇ 30ರಿಂದ 50ರಷ್ಟು ಇಳಿಯುತ್ತದೆ ಎಂಬುದು ಸ್ಪಷ್ಟವಾಯಿತು. ಹಾಗೆ ಸೇರಿಸಿ ತೂಗಿ ಎಲ್ಲರಿಗೂ ತಲುಪಿಸುವ ಹೊತ್ತಿಗೆ ಹದಿನೇಳು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಉಳಿಯಬಹುದಾಗಿದ್ದ ಸಾವಿರಾರು ಕೂಸುಗಳು ಉಳಿಯಲಿಲ್ಲ. ಆ ಲಾಂಛನ ಅವುಗಳ ನೆನಪೂ ಹೌದು.

ಲೆಕ್ಕ ಓರೆಯಾಗುವುದು ಎಲ್ಲಿ

ಚೀಟಿ ಎತ್ತದೆ, ಆಸ್ಪತ್ರೆಯ ಹಳೆಯ ರಿಜಿಸ್ಟರ್ ನೋಡಿ ಇಂಜೆಕ್ಷನ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಏಕೆಂದು ನಮ್ಮ ಊರಿನ ಉದಾಹರಣೆಯಿಂದಲೇ ನೋಡೋಣ.

ಮುಳಬಾಗಿಲಿನ ಗಡಿ ಹಳ್ಳಿಯ ಒಬ್ಬ ತಾಯಿ ನೋವು ಶುರುವಾದ ಕೂಡಲೇ 108 ಆಂಬುಲೆನ್ಸ್ ಹತ್ತಿ ಕೋಲಾರದ ಆಸ್ಪತ್ರೆ ಸೇರುತ್ತಾಳೆ ಎನ್ನೋಣ. ಹೆರಿಗೆಗೆ ಎರಡು ದಿನ ಹಿಡಿಯುತ್ತದೆ. 12 ಗಂಟೆಗೊಂದರಂತೆ ನಾಲ್ಕೂ ಇಂಜೆಕ್ಷನ್ ಅವಳಿಗೆ ಸಿಗುತ್ತದೆ. ಇನ್ನೊಬ್ಬಳಿಗೆ ರಕ್ತಸ್ರಾವವಾಗಿ ಬಂದ ಅರ್ಧ ಗಂಟೆಯಲ್ಲೇ ಹೆರಿಗೆ. ಇಂಜೆಕ್ಷನ್‌ಗೆ ಸಮಯವೇ ಇಲ್ಲ. ಈ ಎರಡನೆಯ ಕೂಸು ಮೊದಲೇ ಹೆಚ್ಚು ಅಪಾಯದಲ್ಲಿತ್ತು. ಇವೆರಡನ್ನು ಹೋಲಿಸಿ ಎಲ್ಲವೂ ಇಂಜೆಕ್ಷನ್ ಮಹಿಮೆ ಎಂದರೆ ಇರುವುದಕ್ಕಿಂತ ಹೆಚ್ಚಿನ ಲಾಭ ಕಾಣುತ್ತದೆ. ಇದು ಮೊದಲ ಓರೆ.

ಶಿಶುಗಳ ನಿಗಾ ಘಟಕಕ್ಕೆ ದಾಖಲಾದ ಕೂಸುಗಳನ್ನಷ್ಟೇ ಎಣಿಸುವುದು ಎರಡನೆಯ ಓರೆ. ಹೊಟ್ಟೆಯಲ್ಲೇ ತೀರಿಕೊಂಡದ್ದು, ಹೆರಿಗೆ ಕೋಣೆಯಲ್ಲೇ ಉಸಿರು ನಿಂತದ್ದು, ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಹುಟ್ಟಿ ಹೋದದ್ದು ಆ ಘಟಕದ ಪುಸ್ತಕದಲ್ಲಿ ಇರುವುದಿಲ್ಲ.

ಮೂರನೆಯದು ಸೂಕ್ಷ್ಮ. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ರೈತರು ಬೆಳೆ ಹೇಗಾಯಿತು ಎಂದು ಕೇಳಿದರೆ, ನೂರು ಮೊಟ್ಟೆಗೆ ಇಷ್ಟು ಕೆ.ಜಿ. ಗೂಡು ಎಂದು ಹೇಳುತ್ತಾರೆ. ಒಂದು ಗೂಡಿನ ತೂಕವನ್ನು ಹೇಳುವುದಿಲ್ಲ. ಒಂದು ಮನೆಯಲ್ಲಿ ಹಾಲುತೊಂಡೆ ರೋಗ ಬಂದು ಬಡಕಲು ಹುಳುಗಳೆಲ್ಲ ಸತ್ತು, ಗಟ್ಟಿ ಹುಳು ಮಾತ್ರ ಚಂದ್ರಂಕಿ ಏರಿದವು ಎನ್ನಿ. ಇನ್ನೊಂದು ಮನೆಯಲ್ಲಿ ಒಳ್ಳೆಯ ಆರೈಕೆಯಿಂದ ಬಡಕಲು ಹುಳುಗಳೂ ಉಳಿದು ತೆಳ್ಳಗೆ ಗೂಡು ಕಟ್ಟಿದವು. ಗೂಡಿನ ಸರಾಸರಿ ತೂಕ ನೋಡಿದರೆ ರೋಗ ಬಂದ ಮನೆಯೇ ಮೇಲು! ನೂರು ಮೊಟ್ಟೆಯ ಲೆಕ್ಕ ಹಾಕಿದರೆ ಸತ್ಯ ಹೊರಬೀಳುತ್ತದೆ.

ಕೂಸುಗಳ ವಿಷಯವೂ ಹೀಗೆಯೇ. ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಇಂಜೆಕ್ಷನ್ ಇಲ್ಲದ 100 ಕೂಸುಗಳಲ್ಲಿ 60 ಉಳಿದವು. ಅವುಗಳಲ್ಲಿ 6ಕ್ಕೆ ದೊಡ್ಡವಾಗುತ್ತ ತೊಂದರೆ ಕಾಣಿಸಿತು. ಎಂದರೆ ಉಳಿದವರಲ್ಲಿ ಶೇ 10. ಇಂಜೆಕ್ಷನ್ ಪಡೆದ 100ರಲ್ಲಿ 75 ಉಳಿದವು. ಅವುಗಳಲ್ಲಿ 9ಕ್ಕೆ ತೊಂದರೆ. ಎಂದರೆ ಶೇ 12. ಉಳಿದವರನ್ನಷ್ಟೇ ನೋಡಿದವರು ಇಂಜೆಕ್ಷನ್‌ನಿಂದ ತೊಂದರೆ ಹೆಚ್ಚಾಯಿತು ಎಂದು ವರದಿ ಬರೆಯುತ್ತಾರೆ. ನೂರನ್ನೂ ನೋಡಿದವರಿಗೆ ಮೊದಲ ಗುಂಪಿನಲ್ಲಿ 54, ಎರಡನೆಯದರಲ್ಲಿ 66 ಮಕ್ಕಳು ಆರೋಗ್ಯವಾಗಿರುವುದು ಕಾಣುತ್ತದೆ. ಎರಡನೆಯ ಗುಂಪಿನಲ್ಲಿ ಲೆಕ್ಕಕ್ಕೆ ಬಂದ ಬಡಕಲು ಕೂಸುಗಳು ಮೊದಲ ಗುಂಪಿನಲ್ಲಿ ಲೆಕ್ಕಕ್ಕೆ ಬರುವ ಮೊದಲೇ ಮಣ್ಣು ಸೇರಿದ್ದವು.

ನನ್ನ ಸಾಫ್ಟ್‌ವೇರ್ ವೃತ್ತಿಯಲ್ಲೂ ಇದೇ ನಿಯಮ. ಹೊಸ ಆ್ಯಪ್ ಹೇಗಿದೆ ಎಂದು ಈಗ ಬಳಸುತ್ತಿರುವವರನ್ನು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಬೇಸತ್ತು ಫೋನಿನಿಂದ ತೆಗೆದುಹಾಕಿದವರು ಉತ್ತರ ಕೊಡಲು ಅಲ್ಲಿರುವುದಿಲ್ಲ. ಅಲ್ಲಿ ಹೋಗುವುದು ಹಣ. ಆಸ್ಪತ್ರೆಯಲ್ಲಿ ಹೋಗುವುದು ಜೀವ.

ಬೆಳಗಾವಿ ಕಲಿಸಿದ್ದು

ಇದು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಗೆದ್ದ ಈ ಇಂಜೆಕ್ಷನ್ ಬಡ ದೇಶಗಳ ಹಳ್ಳಿಗಳಲ್ಲೂ ಗೆಲ್ಲುತ್ತದೆಯೇ ಎಂದು ನೋಡಲು 2011ರಿಂದ ಆರು ದೇಶಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಮತ್ತು ನಾಗಪುರದ ಪ್ರದೇಶಗಳಲ್ಲಿ. ಒಟ್ಟು ಸುಮಾರು 1 ಲಕ್ಷ ಹೆರಿಗೆಗಳು. ಊರುಗಳ ಗುಂಪುಗಳನ್ನೇ ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ಕಡೆಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿಯನ್ನೂ ಔಷಧಿಯನ್ನೂ ಕೊಟ್ಟರು.

ಹಳ್ಳಿಯಲ್ಲಿ ತಿಂಗಳ ಲೆಕ್ಕ ಹೇಗಿರುತ್ತದೆಂದು ನಮಗೆ ಗೊತ್ತು. ಯುಗಾದಿ ಹಿಂದೆಮುಂದೆ ಮುಟ್ಟು ನಿಂತಿತು ಎನ್ನುತ್ತಾರೆ. ಸ್ಕ್ಯಾನಿಂಗ್ ಎಲ್ಲರಿಗೂ ಆಗಿರುವುದಿಲ್ಲ. ಅದಕ್ಕೆ ಹೊಟ್ಟೆ ಅಳೆಯಲು ಬಣ್ಣದ ಗುರುತಿನ ಟೇಪು ಕೊಟ್ಟಿದ್ದರು. ಹೀಗಾಗಿ ಇಂಜೆಕ್ಷನ್ ಪಡೆದವರಲ್ಲಿ ಬಹುಪಾಲು ತಾಯಂದಿರು ಕೊನೆಗೆ ಹೆತ್ತದ್ದು ತೀರ ಸಣ್ಣ ಕೂಸನ್ನಲ್ಲ.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರ ಸಣ್ಣ ಕೂಸುಗಳ ಸಾವಿನಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲ ಕೂಸುಗಳನ್ನೂ ಎಣಿಸಿದಾಗ, ತರಬೇತಿ ಕೊಟ್ಟ ಊರುಗಳಲ್ಲಿ ಹುಟ್ಟಿದ ಪ್ರತಿ 1,000ಕ್ಕೆ 27.4 ಸಾವು, ಕೊಡದ ಊರುಗಳಲ್ಲಿ 23.9. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು. ಹಾನಿ ಕಂಡದ್ದು ದೊಡ್ಡ ಕೂಸುಗಳಲ್ಲಿ. ಸಣ್ಣ ಕೂಸುಗಳನ್ನಷ್ಟೇ ಎಣಿಸಿ ಪುಸ್ತಕ ಮುಚ್ಚಿದ್ದರೆ, ಲಾಭವಿಲ್ಲದಿದ್ದರೂ ನಷ್ಟವಿಲ್ಲ ಎಂದುಕೊಂಡು ಮುಂದುವರಿಯುತ್ತಿದ್ದರು. ಎಲ್ಲರನ್ನೂ ಎಣಿಸಿದ್ದರಿಂದ ಅಪಾಯ ಕಣ್ಣಿಗೆ ಬಿತ್ತು.

ಹಾಗಾದರೆ ಇಂಜೆಕ್ಷನ್ ಕೆಟ್ಟದ್ದೇ? ಅದನ್ನೂ ಪರೀಕ್ಷಿಸಿಯೇ ತಿಳಿಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ಇನ್ನೊಂದು ಪ್ರಯೋಗ ಆರಂಭಿಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದರಲ್ಲೂ ಪಾಲುಗೊಂಡಿತು. ಈ ಸಲ ಸ್ಕ್ಯಾನಿಂಗ್ ಮಾಡಿ ವಾರಗಳನ್ನು ಖಚಿತಪಡಿಸಿಕೊಂಡರು. ಹುಟ್ಟಿದ ಕೂಸನ್ನು ನೋಡಿಕೊಳ್ಳುವ ಸೌಕರ್ಯ ಇರುವ ಆಸ್ಪತ್ರೆಗಳನ್ನೇ ಆರಿಸಿದರು. 2,852 ತಾಯಂದಿರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶಿಶು ಮರಣ ಹುಸಿ ಮದ್ದಿನ ಗುಂಪಿನಲ್ಲಿ ಶೇ 23.5, ಇಂಜೆಕ್ಷನ್ ಗುಂಪಿನಲ್ಲಿ ಶೇ 19.6. ಹೊಟ್ಟೆಯಲ್ಲೇ ಸತ್ತ ಕೂಸುಗಳನ್ನೂ ಸೇರಿಸಿ ಎಣಿಸಿದರು. ಆಗಲೂ ಇಂಜೆಕ್ಷನ್ ಗುಂಪಿನಲ್ಲೇ ಸಾವು ಕಡಿಮೆ. ಔಷಧಿ ಒಂದೇ. ಸರಿಯಾದ ತಾಯಿಗೆ, ಸರಿಯಾದ ವಾರದಲ್ಲಿ, ಸರಿಯಾದ ಜಾಗದಲ್ಲಿ ಕೊಟ್ಟರೆ ಪ್ರಾಣ ಉಳಿಸುತ್ತದೆ. ಅಂದಾಜಿನ ಮೇಲೆ ಎಲ್ಲರಿಗೂ ಕೊಟ್ಟರೆ ಹಾನಿಯಾದೀತು. ನಮ್ಮ ದೇಶದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದರು. ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ಆದ್ದರಿಂದ ತಾಯಿ ಕಾರ್ಡಿನಲ್ಲಿ ಮುಟ್ಟಿನ ದಿನಾಂಕವನ್ನು ಕೇಳಿ ಕೇಳಿ ಬರೆಯುವ ನಮ್ಮೂರ ಆಶಾ ಕಾರ್ಯಕರ್ತೆಯ ಕೆಲಸ ಸಣ್ಣದಲ್ಲ. ಆ ದಿನಾಂಕ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಕಾಕ್ರೇನ್ ತಮ್ಮ ಜೀವನದಲ್ಲಿ ಹೊಸ ಔಷಧಿ ಕಂಡುಹಿಡಿಯಲಿಲ್ಲ. ಹೆರಿಗೆ ವೈದ್ಯರೂ ಆಗಿರಲಿಲ್ಲ. ಎಷ್ಟು ಜನ ಗುಣವಾದರು ಎಂದು ಯಾರಾದರೂ ಹೇಳಿದರೆ, ಎಷ್ಟು ಜನರಲ್ಲಿ, ಯಾರನ್ನು ಬಿಟ್ಟಿರಿ ಎಂದು ಕೇಳಿದರು. ದೊಡ್ಡವರ ಎದುರೂ ಕೇಳಿದರು, ತಮ್ಮನ್ನೂ ಕೇಳಿಕೊಂಡರು. ಎಂಟನೇ ತರಗತಿಯ ಶೇಕಡಾ ಲೆಕ್ಕ ಬಲ್ಲ ಯಾವ ಹುಡುಗ ಹುಡುಗಿಯೂ ಈ ಪ್ರಶ್ನೆ ಕೇಳಬಹುದು.

ಈ ಸುವರ್ಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳಾದ ನಮ್ಮ ಹೆಸರುಗಳು ಪದವಿಗಳೊಂದಿಗೆ ಅಚ್ಚಾಗಿವೆ. ಡಾಕ್ಟರು, ಎಂಜಿನಿಯರು, ಮೇಷ್ಟ್ರು, ಪೊಲೀಸ್ ಅಧಿಕಾರಿ. ಓದಿ ಸಂತೋಷವಾಗುತ್ತದೆ. ಆದರೆ ಇದು ಗೂಡು ಕಟ್ಟಿದವರ ಪಟ್ಟಿ. ನಮ್ಮ ಜೊತೆ ಎಂಟನೇ ತರಗತಿಗೆ ಸೇರಿ, ಒಂಬತ್ತಕ್ಕೆ ಬಾರದೆ ಹೋದವರು ಇದರಲ್ಲಿ ಇಲ್ಲ. ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು, ಮಾಲೂರಿನ ಇಟ್ಟಿಗೆ ಗೂಡಿಗೆ ಹೋದವರು, ಮಾವಿನ ಮಂಡಿಯಲ್ಲಿ ಮೂಟೆ ಹೊತ್ತವರು ಇಲ್ಲ. ಶಾಲೆ ಐವತ್ತು ವರ್ಷದಲ್ಲಿ ಏನು ಮಾಡಿತು ಎಂಬುದನ್ನು ಈ ಪಟ್ಟಿಯಿಂದ ಅಳೆಯಲಾಗದು. ಅದಕ್ಕೆ ದಾಖಲಾತಿ ಪುಸ್ತಕ ಬೇಕು. ಯಾವುದಾದರೂ ಒಂದು ವರ್ಷದ ಪುಟ ತೆಗೆದು, ಅದರಲ್ಲಿರುವ ಪ್ರತಿಯೊಂದು ಹೆಸರನ್ನೂ ಹುಡುಕಿಕೊಂಡು ಹೋಗುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷ ಕೈಗೆತ್ತಿಕೊಳ್ಳಬೇಕೆಂದು ನನ್ನ ಸಲಹೆ. ಕಂಪ್ಯೂಟರ್ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ಬಾಗಿಲು ತಟ್ಟಲು ಜನ ಬೇಕು.